ಯಾರೂ ಟ್ಯಾಗ್ ಮಾಡಲಿಲ್ಲ (ಬಾಲ್ ಹಿಡಿದು ಮುಟ್ಟಲಿಲ್ಲ), ಆದರೂ ಮಗಳನ್ನು ಔಟ್ ಕೊಟ್ಟರು. ಸಾಫ್ಟ್‌ಬಾಲ್‌ನಲ್ಲಿ ಇದು ಸರಿನಾ?

ನೀವು ಬರೆದಿರುವ ಪ್ರಕಾರ ನಡೆದಿದ್ದು ಇಷ್ಟು. ಮಗಳು ರನ್ನರ್ ಆಗಿ, ಅಂದರೆ ಬೇಸ್‌ನಿಂದ ಬೇಸ್‌ಗೆ ಓಡುವವಳಾಗಿ, ಮೊದಲ ಬೇಸ್‌ನಲ್ಲಿದ್ದಳು. ಪಿಚರ್ ಬ್ಯಾಟರ್ ಕಡೆ ಬಾಲ್ ಎಸೆದಳು (ಇದೇ ಪಿಚ್), ಬ್ಯಾಟರ್ ಹೊಡೆಯಲಿಲ್ಲ, ಬ್ಯಾಟರ್ ಹಿಂದಿದ್ದ ಕ್ಯಾಚರ್ ಬಾಲನ್ನು ಪಿಚರ್‌ಗೆ ವಾಪಸ್ ಎಸೆದಳು. ಮಗಳು ಬೇಸ್ ಬಿಟ್ಟು ಮೂರು ನಾಲ್ಕು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತಿದ್ದಳು. ಅಂಪೈರ್ ಔಟ್ ಕೊಟ್ಟರು. ಪಿಚರ್ ಬಾಲ್ ಹಿಡಿದು ತನ್ನ ಜಾಗದ ಸುತ್ತ ಎಳೆದ ಸರ್ಕಲ್ ಒಳಗೆ ಇದ್ದಿದ್ದರೆ, ಆ ತೀರ್ಪು ಸರಿಯಾಗಿಯೇ ಇದೆ.

ಹಾಸನದ ಸುತ್ತಮುತ್ತ ಶಾಲಾ ಪಂದ್ಯಗಳಿಗೆ ನಾನು ಅಂಪೈರಿಂಗ್ ಮಾಡುತ್ತೇನೆ. ಮಕ್ಕಳ ಪಂದ್ಯದಲ್ಲಿ ಜಾಸ್ತಿ ಜಗಳ ಆಗುವುದು ಇದೇ ವಿಷಯಕ್ಕೆ. ಇದನ್ನು ಲುಕ್‌ಬ್ಯಾಕ್ ರೂಲ್ ಅಂತಾರೆ. ಪಿಚರ್ ನಿಂತು ಎಸೆಯುವ ಜಾಗದ ಸುತ್ತ 8 ಅಡಿ ತ್ರಿಜ್ಯದ ಒಂದು ಸರ್ಕಲ್ ಇರುತ್ತದೆ. ಬಾಲ್ ಹಿಡಿದು ಪಿಚರ್ ಅದರೊಳಗೆ ಬಂದಾಗ ಬೇಸ್ ಬಿಟ್ಟಿರುವ ರನ್ನರ್ ತಕ್ಷಣ ಮುಂದಕ್ಕೆ ಓಡಬೇಕು, ಇಲ್ಲವೇ ಹಿಂದಕ್ಕೆ ಬರಬೇಕು. ಓಡುತ್ತಾ ಇದ್ದರೆ ಒಂದು ಸಲ ನಿಲ್ಲಬಹುದು, ಆದರೆ ನಿಂತ ಮೇಲೆ ಕೂಡಲೇ ಒಂದು ಕಡೆ ಹೊರಡಲೇಬೇಕು, ಹೊರಟ ಮೇಲೆ ಮತ್ತೆ ಮನಸ್ಸು ಬದಲಿಸಿ ತಿರುಗುವ ಹಾಗಿಲ್ಲ. ಬೇಸ್‌ಗೆ ಬಂದು ನಿಂತಾದ ಮೇಲೆ ಮತ್ತೆ ಬಿಟ್ಟರೂ ಔಟ್. ಟ್ಯಾಗ್ ಬೇಕಾಗಿಲ್ಲ, ಅಪೀಲೂ ಬೇಕಾಗಿಲ್ಲ. ಬಾಲ್ ಡೆಡ್, ರನ್ನರ್ ಔಟ್, ಅಷ್ಟೇ.

ನಮ್ಮ ಮಕ್ಕಳು ಯಾಕೆ ಹೀಗೆ ನಿಲ್ಲುತ್ತಾರೆ ಅಂದರೆ, ಎಲ್ಲರೂ ಮೊದಲು ಆಡಿರುವುದು ಕ್ರಿಕೆಟ್. ಅಲ್ಲಿ ನಾನ್ ಸ್ಟ್ರೈಕರ್ ಎರಡು ಹೆಜ್ಜೆ ಮುಂದೆ ಬಂದು, ಹೋಗೋಣ್ವಾ ಬೇಡ್ವಾ ಅಂತ ಫೀಲ್ಡರ್ ಕೈ ನೋಡುತ್ತಾ ನಿಲ್ಲಬಹುದು. ಟೀವಿಯಲ್ಲಿ ಬೇಸ್‌ಬಾಲ್ ನೋಡಿದವರಿಗೆ ಇನ್ನೂ ಗೊಂದಲ, ಅಲ್ಲಿ ಪಿಚ್‌ಗೆ ಮೊದಲೇ ರನ್ನರ್ ಬೇಸ್‌ನಿಂದ ದೂರ ಬಂದಿರುತ್ತಾನೆ. ಆದರೆ ಅಲ್ಲಿ ಬೇಸ್‌ಗಳ ನಡುವೆ 90 ಅಡಿ ಇದೆ, ಇಲ್ಲಿ 60 ಅಡಿ ಮಾತ್ರ. ಇಷ್ಟು ಕಡಿಮೆ ದೂರದಲ್ಲಿ ಮೊದಲೇ ಹೊರಡಲು ಬಿಟ್ಟರೆ ಪ್ರತಿ ಪಿಚ್‌ಗೂ ಬೇಸ್ ಕದಿಯಬಹುದು (ಬ್ಯಾಟರ್ ಹೊಡೆಯದಿದ್ದರೂ ಮುಂದಿನ ಬೇಸ್‌ಗೆ ಓಡಿಬಿಡಬಹುದು), ಅಲ್ವಾ? ಅದಕ್ಕೇ ಪಿಚರ್ ಕೈಯಿಂದ ಬಾಲ್ ಬಿಡುಗಡೆ ಆಗುವ ತನಕ ಬೇಸ್ ಬಿಡಬಾರದು. ಬಿಟ್ಟರೆ ಆ ಪಿಚ್ ಲೆಕ್ಕಕ್ಕೆ ಇಲ್ಲ, ರನ್ನರ್ ಔಟ್. ಇದಕ್ಕೂ ಟ್ಯಾಗ್ ಬೇಡ. ನಿಮ್ಮ ಮಗಳ ವಿಷಯದಲ್ಲಿ ಅಂಪೈರ್ ಇದನ್ನೇ ಕಂಡಿರಲೂಬಹುದು. ಕೋಚ್ ಹತ್ತಿರ ಕೇಳಿ.

ಈಗ ಇನ್ನೊಂದು ಕಡೆ ನೋಡೋಣ. ಪಿಚರ್ ಸರ್ಕಲ್‌ನಿಂದ ಆಚೆ ಬಂದರೆ, ಅಥವಾ ರನ್ನರ್ ಕಡೆ ಎಸೆಯುವ ಹಾಗೆ ಕೈ ಎತ್ತಿದರೂ ಸಾಕು, ಈ ನಿಯಮ ಆಗ ಅನ್ವಯಿಸುವುದಿಲ್ಲ. ರನ್ನರ್ ನಿಲ್ಲಬಹುದು, ತಿರುಗಬಹುದು, ಬೇಕಾದ್ದು ಮಾಡಬಹುದು. ಆದ್ದರಿಂದ ಸರ್ಕಲ್ ಗೆರೆ ಕಾಣುವುದು ತುಂಬಾ ಮುಖ್ಯ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಪಂದ್ಯ ಇಟ್ಟರೆ ಎರಡನೇ ಇನ್ನಿಂಗ್ಸ್ ಹೊತ್ತಿಗೆ ಸುಣ್ಣದ ಪುಡಿ ಕೊಚ್ಚಿಕೊಂಡು ಹೋಗಿರುತ್ತದೆ. ಒಂದು ಮೊಳೆ, 8 ಅಡಿ ದಾರ ಇದ್ದರೆ ಎರಡು ನಿಮಿಷದಲ್ಲಿ ಮತ್ತೆ ಗೆರೆ ಹಾಕಬಹುದು. ಹಾಕಿಸಿ ಅಂತ ಕೋಚ್ ಕೇಳಲೇಬೇಕು, ಸುಮ್ನೆ ಬಿಡಬಾರದು. ಕಾಣದ ಗೆರೆಯ ಮೇಲೆ ಹದಿಮೂರು ವರ್ಷದ ಮಗುವನ್ನು ಔಟ್ ಕೊಡುವುದು ಅನ್ಯಾಯ ಅಂತ ನನ್ನ ಅಭಿಪ್ರಾಯ.

ಅಂಪೈರ್‌ಗಳಿಗೂ ಒಂದು ಮಾತು. ಔಟ್ ಕೊಟ್ಟ ಮೇಲೆ ಆ ಮಗುವಿಗೆ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿ. ಯಾಕೆ ಅಂತ ಗೊತ್ತಾಗದೆ ಅಳುತ್ತಾ ಹೋಗುವ ಮಕ್ಕಳು ಮುಂದಿನ ಸಲ ಬೇಸ್ ಬಿಡುವುದಕ್ಕೇ ಹೆದರುತ್ತಾರೆ.

ಮಗಳಿಗೆ ಹೀಗೆ ಹೇಳಿಕೊಡಿ: ಬಾಲ್ ಪಿಚರ್ ಕೈ ಬಿಟ್ಟ ಕ್ಷಣ ಜೋರಾಗಿ ಹೊರಡು, ಕಣ್ಣು ಕ್ಯಾಚರ್ ಮೇಲೆ ಇರಲಿ. ಕ್ಯಾಚರ್ ಬಾಲ್ ಹಿಡಿಯದೆ ಬಿಟ್ಟರೆ ಎರಡನೇ ಬೇಸ್‌ಗೆ ಓಡು. ಚೆನ್ನಾಗಿ ಹಿಡಿದರೆ ಬಾಲ್ ಪಿಚರ್‌ಗೆ ತಲುಪುವ ಮೊದಲೇ ತಿರುಗಿ ಬಾ. ನಿಧಾನವಾಗಿ ಬರುವುದು, ಮಧ್ಯೆ ನಿಂತು ಹೆಲ್ಮೆಟ್ ಸರಿ ಮಾಡಿಕೊಳ್ಳುವುದು ಬೇಡ.

ಪ್ರೊಟೆಸ್ಟ್, ಅಂದರೆ ತೀರ್ಪಿನ ವಿರುದ್ಧ ಅಧಿಕೃತವಾಗಿ ಆಕ್ಷೇಪ, ಮಾಡಬಹುದಿತ್ತಾ ಅಂತಲೂ ಕೇಳಿದ್ದೀರಿ. ಅವಳು ತಕ್ಷಣ ಹೊರಟಳೋ ಇಲ್ಲವೋ, ಪಿಚರ್ ಕಾಲು ಒಳಗಿತ್ತೋ ಹೊರಗಿತ್ತೋ ಎನ್ನುವುದು ಅಂಪೈರ್ ಕಣ್ಣಿಗೆ ಬಿಟ್ಟಿದ್ದು, ಅದರ ಮೇಲೆ ಪ್ರೊಟೆಸ್ಟ್ ನಡೆಯುವುದಿಲ್ಲ. ಗೆರೆ ಮುಟ್ಟಿದ್ದರೂ ಒಳಗೆ ಅಂತಲೇ ಲೆಕ್ಕ. ಆದರೆ ಪಿಚರ್ ಹೊರಗಿದ್ದಳು ಅಂತ ಅಂಪೈರ್ ತಾವೇ ಒಪ್ಪಿಕೊಂಡು, ಆದರೂ ಲುಕ್‌ಬ್ಯಾಕ್ ಔಟ್ ಅಂದರೆ ಅದು ನಿಯಮವನ್ನೇ ತಪ್ಪಾಗಿ ಅನ್ವಯಿಸಿದ ಹಾಗೆ. ಅಂಥದ್ದಕ್ಕೆ ಪ್ರೊಟೆಸ್ಟ್ ಇದೆ. ಅದನ್ನು ಟೀಮ್ ಕಡೆಯಿಂದ ಕೋಚ್ ಹೇಳಬೇಕು, ಬೇಲಿ ಆಚೆಯಿಂದ ಪೋಷಕರಲ್ಲ. ಮುಂದಿನ ಪಿಚ್ ಆಗುವುದರೊಳಗೆ ಹೇಳಬೇಕು, ಆಮೇಲೆ ಹೇಳಿದರೆ ತೆಗೆದುಕೊಳ್ಳುವುದಿಲ್ಲ.