ಗೇಮಿಂಗ್ ಗುಂಪಿಗೆ 18 ಬೇಡ, 13 ಇಡಿ. ಮೊದಲು ಲಿಂಕ್ ಬದಲಿಸಿ

ಗೇಮಿಂಗ್ ಗುಂಪಿಗೆ ಸೇರಲು ಕನಿಷ್ಠ ವಯಸ್ಸು 18 ಇಡಬೇಕೇ ಅಂತ ಕೇಳಿದ್ದೀರಿ. ತೊಂದರೆ ಇರೋದು ವಯಸ್ಸಿಗಿಂತ ಹೆಚ್ಚಾಗಿ ನಿಮ್ಮ ಇನ್ವೈಟ್ ಲಿಂಕ್‌ನಲ್ಲಿ, ಅಂದರೆ ಗುಂಪಿಗೆ ಸೇರಲು ಕೊಡುವ ಲಿಂಕ್‌ನಲ್ಲಿ. ದಾವಣಗೆರೆ ಹುಡುಗರು ಬಿಜಿಎಂಐ (ಮೊಬೈಲ್ ಶೂಟಿಂಗ್ ಗೇಮ್) ಆಡೋಕೆ ಮಾಡಿಕೊಂಡ ಡಿಸ್ಕಾರ್ಡ್ (ಚಾಟ್ ಮತ್ತು ವಾಯ್ಸ್ ಆ್ಯಪ್) ಗುಂಪಿಗೆ ಹತ್ತು ವರ್ಷದ ಮಕ್ಕಳೂ ಬರ್ತಿದ್ದಾರೆ, ವಾಯ್ಸ್ ಚಾಟ್‌ನಲ್ಲಿ ಬೈಗುಳ ಕೇಳಿ ಒಬ್ಬರ ತಾಯಿ ಜಗಳಕ್ಕೆ ಬಂದರು ಅಂದಿರಿ. ಎಂದೂ ಮುಗಿಯದ ಲಿಂಕನ್ನು ಸ್ಟೇಟಸ್‌ಗೆ ಹಾಕಿದರೆ ಆಗೋದೇ ಹೀಗೆ.

ಮೊದಲು ಡಿಸ್ಕಾರ್ಡ್‌ನಲ್ಲಿ ಸರ್ವರ್ (ಅಂದರೆ ನಿಮ್ಮ ಗುಂಪು) ಸೆಟ್ಟಿಂಗ್ಸ್‌ನ ಇನ್ವೈಟ್ಸ್‌ಗೆ ಹೋಗಿ ಹಳೇ ಲಿಂಕ್‌ಗಳನ್ನೆಲ್ಲ ಅಳಿಸಿ. ಇನ್ನು ಮುಂದೆ 1 ದಿನ, 1 ಬಳಕೆ ಅಂತ ಮಿತಿ ಹಾಕಿದ ಲಿಂಕ್ ಮಾತ್ರ ಕೊಡಿ. ಆಮೇಲೆ ಎವ್ರಿವನ್ ರೋಲ್‌ಗೆ (ಸೇರಿದ ಎಲ್ಲರಿಗೂ ತಾನಾಗೇ ಸಿಗೋದು) ವಾಯ್ಸ್ ಚಾನೆಲ್‌ಗಳ 'ಕನೆಕ್ಟ್' ಅನುಮತಿ ತೆಗೆದು, ಅಡ್ಮಿನ್ ಒಪ್ಪಿದವರಿಗೆ ಕೊಡಲು ಆ ಅನುಮತಿ ಇರುವ 'ಸದಸ್ಯ', '18 ದಾಟಿದವರು' ಅಂತ ಎರಡು ರೋಲ್ ಮಾಡಿ. ಇದನ್ನು ಬಿಟ್ಟರೆ ನಿಯಮ ಬರೀ ಬೋರ್ಡ್ ಆಗಿ ಉಳಿಯುತ್ತೆ.

ಕನಿಷ್ಠ ವಯಸ್ಸು 13 ಇಡಿ. ಭಾರತದಲ್ಲಿ ಡಿಸ್ಕಾರ್ಡ್‌ನ ಮಿತಿಯೂ ಅಷ್ಟೇ. 18 ಅಂದರೆ ಪಿಯು ಹುಡುಗರು ಸುಳ್ಳು ಹೇಳಿ ಒಳಗೇ ಇರ್ತಾರೆ, ಯಾರು ಚಿಕ್ಕವರು ಅನ್ನೋದೇ ಗೊತ್ತಾಗಲ್ಲ. ರಾತ್ರಿ ಆಡುವ ದೊಡ್ಡವರಿಗೆ ಬೇರೆ ಚಾನೆಲ್ ಮಾಡಿ, ಅದರಲ್ಲಿ ವಯೋಮಿತಿ ಆನ್ ಮಾಡಿ.

ವಯಸ್ಸಿನ ಪುರಾವೆಗೆ ಅಂತ ಆಧಾರ್ ಫೋಟೋ ಕೇಳಲೇಬೇಡಿ, ಸೋರಿದರೆ ನಿಮ್ಮ ತಲೆಗೇ ಬರುತ್ತೆ. 18ರ ಒಳಗಿನವರಾದರೆ ಅಪ್ಪ-ಅಮ್ಮನ ಜೊತೆ ಎರಡು ನಿಮಿಷ ಫೋನಲ್ಲಿ ಮಾತಾಡಿ. ಪಕ್ಕಾ ಪುರಾವೆ ಅಲ್ಲ, ಅಣ್ಣನೇ ಅಪ್ಪನಾಗಿ ಮಾತಾಡಬಹುದು. ಬಿಜಿಎಂಐನಲ್ಲೇ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ ಮಿತಿ ಇದೆ ಅಂತಲೂ ಅಪ್ಪ-ಅಮ್ಮನಿಗೆ ಹೇಳಿ.

ಈಗಿರುವ, 13 ತುಂಬದ ಚಿಕ್ಕವರನ್ನು ಎಲ್ಲರೆದುರು ಹೊರಹಾಕಬೇಡಿ. ಖಾಸಗಿಯಾಗಿ ಒಂದು ಸಾಲು ಬರೆದು, ಆಮೇಲೆ ತೆಗೆಯಿರಿ.