ಹಾಡು ಕಟ್ಟದವರೂ ಕಲಾವಿದರೇ?

ಬದಿಯಡ್ಕದ ನಿವೃತ್ತ ಅಧ್ಯಾಪಕರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಡಿಜೆ ಬೆನ್ ಯುಎಫ್‌ಒ ಬಗ್ಗೆ ಎರಡು ಪುಟ ಕೊಟ್ಟಿದ್ದೀರಿ. ಬೇರೆಯವರ ರೆಕಾರ್ಡ್ ಹಾಕುವವರು ಕಲಾವಿದರು ಹೇಗಾಗುತ್ತಾರೆ? ಅದೂ ಬರೀ ಬಡಿತ, ರಾಗವೇ ಇಲ್ಲ. ಮಂಗಳೂರಿನಲ್ಲಿ ಕಲಿಯುವ ನನ್ನ ಮೊಮ್ಮಗ ಇದೇ ದಾರಿ ಹಿಡಿಯುತ್ತೇನೆ ಅನ್ನುತ್ತಾನೆ. ಏನು ಹೇಳಲಿ?"

ಮಾಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಸಿಟ್ಟಿಗಿಂತ ಜಾಸ್ತಿ ಮೊಮ್ಮಗನ ಚಿಂತೆಯೇ ಕಂಡಿತು. ಡಿಜೆ ಅಂದ ಕೂಡಲೇ ನಮಗೆ ನೆನಪಾಗುವುದು ಮೆರವಣಿಗೆಯ ಲಾರಿ, ಎದೆ ನಡುಗಿಸುವ ದೊಡ್ಡ ಬಾಕ್ಸು. ಆ ಸದ್ದು ನನಗೂ ಬೇಡ. ಇದು ಬೇರೆ.

ಬೆನ್ 2007ರಲ್ಲಿ ಲೀಡ್ಸ್ ನಗರದಲ್ಲಿ ಇಬ್ಬರು ಗೆಳೆಯರ ಜೊತೆ ಹೆಸಲ್ ಆಡಿಯೊ ಎಂಬ ಸಣ್ಣ ರೆಕಾರ್ಡ್ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ, ಶುರು ಮಾಡಿದರು. ಗೆಳೆಯರಾದ ಪೇಂಜಿಯ ಮತ್ತು ಪಿಯರ್ಸನ್ ಸೌಂಡ್ ಪ್ರೊಡ್ಯೂಸರ್‌ಗಳು, ತಾವೇ ಟ್ರ್ಯಾಕ್ ಮಾಡುವವರು. ಬೆನ್ ಮಾತ್ರ ತನ್ನದು ಅಂತ ಒಂದನ್ನೂ ಹೊರತರಲಿಲ್ಲ. ಲಂಡನ್ನಿನ ರಿನ್ಸ್ ಎಫ್‌ಎಂನಲ್ಲಿ ವರ್ಷಗಟ್ಟಲೆ ರೆಕಾರ್ಡ್ ಹಾಕಿದರು. 2013ರಲ್ಲಿ ಅಲ್ಲಿನ ಫ್ಯಾಬ್ರಿಕ್ ಕ್ಲಬ್ ತನ್ನ ಸಿಡಿ ಮಾಲಿಕೆಯಲ್ಲಿ ಅವರ ಮಿಕ್ಸ್, ಅಂದರೆ ರೆಕಾರ್ಡುಗಳನ್ನು ಒಂದಕ್ಕೊಂದು ಹೆಣೆದ ಸಂಕಲನ, ತಂದಿತು.

ನೀವು ಕುಂಬಳೆ ಸೀಮೆಯವರು. ಯಕ್ಷಗಾನದಲ್ಲಿ ಹಾಡುವ ಭಾಗವತರನ್ನು ನೆನೆಸಿಕೊಳ್ಳಿ. ಅವರು ಹಾಡುವುದು ಹಳೆಯ ಕವಿ ಪಾರ್ತಿಸುಬ್ಬನ ಪದ, ಸ್ವಂತದ್ದಲ್ಲ. ಆದರೆ ಯಾವ ಪದ ಬಿಡಬೇಕು, ಯಾವುದನ್ನು ಎಳೆಯಬೇಕು, ಬೆಳಗಿನ ಜಾವ ತೂಕಡಿಸುವ ಸಭೆಯನ್ನು ಹೇಗೆ ಎಬ್ಬಿಸಬೇಕು, ಎಲ್ಲ ಅವರ ಕೈಯಲ್ಲೇ ಅಲ್ವಾ? ಕಾಲಮಿತಿಯ ಆಟದಲ್ಲಂತೂ ಈ ಆಯ್ಕೆಯೇ ಆಟವನ್ನು ಉಳಿಸುತ್ತದೆ. ಅವರನ್ನು ಕಲಾವಿದರಲ್ಲ ಅಂತ ನೀವು ಹೇಳಲಾರಿರಿ.

ಡಿಜೆಯ ಕೈಯನ್ನು ಹತ್ತಿರದಿಂದ ನೋಡಬೇಕು. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಸಭೆಗೆ. ಜನ ಕುಣಿಯುತ್ತಿರುವಾಗಲೇ ಹೆಡ್‌ಫೋನಿನಲ್ಲಿ ಮುಂದಿನ ರೆಕಾರ್ಡ್ ತಿರುಗುತ್ತಿರುತ್ತದೆ. ಎರಡರ ವೇಗ ಕೂದಲೆಳೆಯಷ್ಟು ತಪ್ಪಿದರೂ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಬೆರಳ ತುದಿಯಿಂದ ರೆಕಾರ್ಡಿನ ಅಂಚು ಮುಟ್ಟಿ ಒಂದು ಚೂರು ನಿಧಾನ ಮಾಡುತ್ತಾರೆ. ಪೆಟ್ಟಿಗೆ ಪೆಟ್ಟು ಕೂಡುತ್ತದೆ. ನಮ್ಮ ಚೆಂಡೆಯವರ ಕಿವಿ ಭಾಗವತರ ಕಡೆ, ಕಣ್ಣು ವೇಷದ ಕಾಲಿನ ಕಡೆ ಇರುತ್ತದಲ್ಲ, ಹಾಗೆ.

ಬರೀ ಬಡಿತ ಅಂದಿರಿ. ಹೆಸಲ್ ಆಡಿಯೊ ಹುಟ್ಟಿದ್ದು ಡಬ್‌ಸ್ಟೆಪ್ ಎಂಬ ಕುಣಿತದ ಸಂಗೀತದ ಕಾಲದಲ್ಲಿ. ಅದರ ವೇಗ ನಿಮಿಷಕ್ಕೆ ಸುಮಾರು 140 ಪೆಟ್ಟು. ಆದರೆ ಸ್ನೇರ್ ಡ್ರಮ್ಮಿನ ಜೋರಾದ ಪೆಟ್ಟು ಸಾಮಾನ್ಯವಾಗಿ ನಾಲ್ಕರಲ್ಲಿ ಮೂರನೆಯದಕ್ಕೆ ಮಾತ್ರ ಬೀಳುತ್ತದೆ. ಹಾಗಾಗಿ ಕಿವಿಗೆ 140 ಇದ್ದರೂ ಮೈಗೆ 70 ಅನ್ನಿಸುತ್ತದೆ. ಆ ನಡುವಿನ ಖಾಲಿ ಜಾಗದಲ್ಲೇ ಇವರ ಕಸುಬು. ತಾಳದಲ್ಲಿ ಬೆಳೆದ ನಿಮ್ಮ ಕಿವಿಗೆ ಇದು ಬೇಗ ಸಿಗುತ್ತದೆ.

ಯಂತ್ರಕ್ಕೂ ರಾಗಕ್ಕೂ ಆಗಿ ಬರುವುದಿಲ್ಲ ಅಂತಲೂ ಇಲ್ಲ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಡ್ರಮ್ ಯಂತ್ರವನ್ನು ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ ಹತ್ತು ರಾಗಗಳಿಗೆ ಕೂಡಿಸಿ ರೆಕಾರ್ಡ್ ಮಾಡಿದರು. 2010ರಲ್ಲಿ ಅದು ಮತ್ತೆ ಹೊರಬಂದಾಗ ಹೊರದೇಶದವರೂ ಬೆರಗಾದರು. ಮೊಮ್ಮಗನಿಗೆ ಇದನ್ನು ಖಂಡಿತ ಕೇಳಿಸಿ.

ಇನ್ನು ಅವನ ಬದುಕು. ಡಿಗ್ರಿ ಬಿಡುವುದು ಬೇಡ ಅನ್ನಿ. ಹಾಡಿಲ್ಲದ, ಪೆಟ್ಟೇ ಮುಖ್ಯವಾದ ಈ ಸಂಗೀತಕ್ಕೆ ಕೇಳುಗರು ಕಡಿಮೆ. ನಮ್ಮ ಗಡಿನಾಡಿನಲ್ಲಿ ಇದನ್ನು ನುಡಿಸುವ ಜಾಗ ಸಿಗುವುದು ಕಷ್ಟ, ಬೆಂಗಳೂರಿಗೋ ಮುಂಬೈಗೋ ಅಲೆಯಬೇಕಾದೀತು. ಆದರೆ ಸುಮ್ನೆ ಬೇಡ ಅನ್ನಬೇಡಿ. ದಿನಾ ಎಷ್ಟು ಹೊತ್ತು ಬೇರೆಯವರ ಸಂಗೀತ ಕೇಳುತ್ತೀ ಅಂತ ಕೇಳಿ. ಕೇಳುವ ತಾಳ್ಮೆ ಇದ್ದರೆ ಅವನಲ್ಲಿ ಏನೋ ಇದೆ.

ರಜೆಗೆ ಬಂದಾಗ ಅವನನ್ನು ಆಟಕ್ಕೆ ಕರೆದುಕೊಂಡು ಹೋಗಿ, ಹಿಮ್ಮೇಳದ ಪಕ್ಕದಲ್ಲೇ ಕೂರಿಸಿ. ಮರುದಿನ ಅವನ ಹೆಡ್‌ಫೋನ್ ನೀವು ಹಾಕಿಕೊಂಡು ಅರ್ಧ ಗಂಟೆ ಕೇಳಿ. ಆಮೇಲೆ ಇಬ್ಬರೂ ಬರೆಯಿರಿ, ಒಟ್ಟಿಗೇ ಅಚ್ಚು ಹಾಕುತ್ತೇನೆ.

– ಸಂಪಾದಕ