ಬಿದ್ದವರಿಗೆ ಚಿನ್ನ, ಬೀಳದವರಿಗೆ ಬೆಳ್ಳಿ: ಜಿಮ್ನಾಸ್ಟಿಕ್ಸ್‌ನಲ್ಲಿ ಇದ್ಯಾವ ಲೆಕ್ಕ?
ಜಿಮ್ನಾಸ್ಟಿಕ್ಸ್ ನೋಡುವಾಗ ಒಮ್ಮೊಮ್ಮೆ ಬಿದ್ದವರೇ ಗೆಲ್ತಾರೆ, ಒಂದ್ಸಲವೂ ಬೀಳದವರು ಹಿಂದೆ ಉಳೀತಾರೆ, ಯಾಕೆ ಅಂತ ಕೇಳಿದ್ದೀರಿ. ಚಿಕ್ಕವಳಿದ್ದಾಗ ಆರು ವರ್ಷ ಇದನ್ನು ಕಲಿತವಳು ನಾನು. ಪದಕ ಗಿದಕ ಏನೂ ಇಲ್ಲ, ಆದರೆ ಬಿದ್ದ ಅನುಭವ ಮಾತ್ರ ಧಾರಾಳವಾಗಿದೆ.

ಅಂಕ ಎರಡು ಕಡೆಯಿಂದ ಬರುತ್ತೆ. ಎಷ್ಟು ಕಷ್ಟದ್ದನ್ನು ಮಾಡಿದಿರಿ ಅನ್ನೋದಕ್ಕೆ ಡಿ ಸ್ಕೋರ್, ಎಷ್ಟು ಚೊಕ್ಕವಾಗಿ ಮಾಡಿದಿರಿ ಅನ್ನೋದಕ್ಕೆ ಇ ಸ್ಕೋರ್. ಇ 10ರಿಂದ ಶುರುವಾಗಿ ತಪ್ಪಿಗಿಷ್ಟು ಅಂತ ಇಳೀತಾ ಹೋಗುತ್ತೆ. ಡಿಗೆ ಮೇಲ್ಮಿತಿ ಇಲ್ಲ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ನಾಡಿಯಾ ಕೊಮನೆಚಿ 10ಕ್ಕೆ 10 ತಗೊಂಡಾಗ ಫಲಕಕ್ಕೆ ಅದನ್ನು ತೋರಿಸೋಕೆ ಬಾರದೆ 1.00 ಅಂತ ಬಂದಿತ್ತಲ್ಲ, ಹತ್ತೇ ಗರಿಷ್ಠ ಅನ್ನೋ ಆ ಪದ್ಧತಿ 2006ರಲ್ಲಿ ಹೋಯಿತು.

ಬಿದ್ದರೆ ಪೂರ್ತಿ 1 ಅಂಕ ಕಡಿತ. ಜಾಸ್ತಿನೇ, ಆದರೆ ಅದು ಎಲ್ಲರ ಕಣ್ಣಿಗೂ ಬೀಳುವ ತಪ್ಪು. ಮೊಣಕಾಲು ಸ್ವಲ್ಪ ಬಗ್ಗಿತು, ಪಾದದ ತುದಿ ನೆಟ್ಟಗಿರಲಿಲ್ಲ, ಬೀಮ್ (ಕಿರಿದಾದ ತೊಲೆ) ಮೇಲೆ ಒಂಚೂರು ಓಲಾಡಿದರು, ಇಳಿದ ಮೇಲೆ ಒಂದು ಹೆಜ್ಜೆ ಇಟ್ಟರು, ಇದಕ್ಕೆಲ್ಲ 0.1, 0.3 ಅಂತ ಹೋಗ್ತಾನೇ ಇರುತ್ತೆ, ಟಿವಿ ಮುಂದೆ ಕೂತವರಿಗೆ ಗೊತ್ತೇ ಆಗಲ್ಲ. ಇಂಥವು ಹತ್ತು ಸೇರಿದರೆ ಒಂದ್ಸಲ ಬಿದ್ದ ಹಾಗೇ ಅಲ್ವಾ?

ನನ್ನದೇ ಕಥೆ ಕೇಳಿ. ಬೀಮ್ ಅಂದರೆ 10 ಸೆಂ.ಮೀ. ಅಗಲ, 125 ಸೆಂ.ಮೀ. ಎತ್ತರ. ಒಂದು ಸ್ಪರ್ಧೆಯಲ್ಲಿ ಹಿಂದಕ್ಕೆ ಬಾಗಿ ಕೈಯೂರಿ ಕಾಲು ತಿರುಗಿಸುವಾಗ ಜಾರಿ ಬಿದ್ದೆ. ಮತ್ತೆ ಹತ್ತೋಕೆ 10 ಸೆಕೆಂಡ್ ಸಿಗುತ್ತೆ. ಅಷ್ಟನ್ನೂ ಬಳಸ್ಕೋ, ಕೈಗೆ ಪುಡಿ ಹಚ್ಕೋ, ಉಸಿರು ತಗೋ ಅಂತ ಕೋಚ್ ನೂರು ಸಲ ಹೇಳಿದ್ದರು. ನಾಚಿಕೆಗೆ ನಾನು ಎರಡೇ ಸೆಕೆಂಡಿಗೆ ಹತ್ತಿದೆ. ಕಾಲು ಗಡಗಡ ನಡುಗ್ತಿತ್ತು. ಮತ್ತೆ ಬಿದ್ದೆ. ಎರಡು ಸಲ ಬಿದ್ದಿದ್ದಕ್ಕೇ ಅಂಕ ಹೋಯ್ತು ಅಂತ ಅಳ್ತಾ ಕೂತಿದ್ದೆ, ಆಮೇಲೆ ನೋಡಿದರೆ ಅದಕ್ಕೆ ಹೋಗಿದ್ದು 2, ಬಗ್ಗಿದ ಮೊಣಕಾಲು ಮತ್ತು ಓಲಾಟ ಸೇರಿ ತಿಂದಿದ್ದು ಅದಕ್ಕಿಂತ ಜಾಸ್ತಿ!

ಈಗ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಿಷಯಕ್ಕೆ ಬನ್ನಿ. 2018ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನ ಆಲ್‌ರೌಂಡ್ (ಎಲ್ಲ ಸಾಧನಗಳ ಅಂಕ ಕೂಡಿಸುವ) ಫೈನಲ್‌ನಲ್ಲಿ ಅವರು ವಾಲ್ಟ್‌ನಲ್ಲೂ (ಓಡಿಬಂದು ಮೇಜಿನಂಥದ್ದರ ಮೇಲೆ ಕೈಯೂರಿ ಹಾರುವುದು) ಬಿದ್ದರು, ಬೀಮ್‌ನಿಂದಲೂ ಬಿದ್ದರು. ಆದರೂ ಚಿನ್ನ, ಅದೂ 1.693 ಅಂಕದ ಅಂತರದಲ್ಲಿ. ಅವರು ಮಾಡಿದ್ದು ಅಷ್ಟು ಕಷ್ಟದ್ದು, ಬೀಳುವುದಕ್ಕೆ ಮೊದಲೇ ಡಿ ಸ್ಕೋರ್‌ನಲ್ಲಿ ಮುಂದಿದ್ದರು. (ಹಾಗಂತ ಕಷ್ಟದ್ದಕ್ಕೆ ಕೈ ಹಾಕಿದರೆ ಸಾಕು ಅಂತಲ್ಲ. ಲಾಗ ಹಾಕಿ ಇಳಿಯುವಾಗ ಪಾದ ಮೊದಲು ತಾಗದಿದ್ದರೆ ಆ ಲಾಗ ಲೆಕ್ಕಕ್ಕೇ ಇಲ್ಲ.)

ಇದು ನ್ಯಾಯವೇ ಅಂದರೆ, ನನ್ನ ಪ್ರಕಾರ ಹೌದು, ಯಾಕಂದ್ರೆ ಅದೇ ಲೆಕ್ಕ ಬೈಲ್ಸ್ ಅವರನ್ನೂ ಬಿಟ್ಟಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಫ್ಲೋರ್ (ನೆಲಹಾಸಿನ ಮೇಲೆ ಮಾಡುವ ಕಸರತ್ತು) ಫೈನಲ್ ಸಿಕ್ಕರೆ ನೋಡಿ. ಬೀಳಲೇ ಇಲ್ಲ, ಆದರೆ ಲಾಗದ ರಭಸಕ್ಕೆ ಎರಡು ಸಲ ಗೆರೆ ದಾಟಿದರು, 0.6 ಹೋಯಿತು. ಬ್ರೆಜಿಲ್‌ನ ರೆಬೆಕಾ ಆಂಡ್ರಾಡೆ 14.166, ಬೈಲ್ಸ್ 14.133.